ಮೊದಲ ದರ್ಜೆಯ ಪಂಕ್ತಿ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಅಟ್ಲಾಂಟಿಕ್ ಸಾಗರ ದಾಟುತ್ತಿದ್ದ ದೊಡ್ಡ ಹಡಗುಗಳಲ್ಲಿ, ಮೊದಲ ದರ್ಜೆಯವರಿಗೆ ಇದ್ದ ಮುಖ್ಯ ಕೆಲಸವೆಂದರೆ ಬಟ್ಟೆ ಬದಲಾಯಿಸುವುದು. ಬೆಳಗಿನ ತಿಂಡಿಗೆ ಒಂದು ಉಡುಪು, ಡೆಕ್ಕಿನ ಮೇಲೆ ಅಡ್ಡಾಡಲು ಇನ್ನೊಂದು, ರಾತ್ರಿಯೂಟಕ್ಕೆ ಮತ್ತೊಂದು. ನಡುನಡುವೆ ತಿನ್ನುವುದು. ತಿಂದದ್ದು ಕರಗುವ ತನಕ ಡೆಕ್ಕಿನ ಕುರ್ಚಿಯಲ್ಲಿ ಕಂಬಳಿ ಹೊದ್ದು ಒರಗಿಕೊಳ್ಳುವುದು. ಹನ್ನೊಂದು ಗಂಟೆಯ ಸುಮಾರಿಗೆ ಸ್ಟುವರ್ಡ್ ಬಂದು ಬಿಸಿ ಸೂಪಿನ ಬಟ್ಟಲು ಕೈಗೆ ಕೊಡುತ್ತಿದ್ದ. ಅದನ್ನು ಕುಡಿದರೆ ಮಧ್ಯಾಹ್ನದ ಊಟದ ಗಂಟೆ ಬಾರಿಸುವವರೆಗೆ ಮಾಡಲು ಏನೂ ಇರುತ್ತಿರಲಿಲ್ಲ. ಗಂಡಸರು ಚುರುಟು ಸೇದುವ ಕೋಣೆಯಲ್ಲಿ ಕೂತು, ಇವತ್ತು ಹಡಗು ಎಷ್ಟು ಮೈಲಿ ಓಡಿರಬಹುದು ಎಂದು ಬಾಜಿ ಕಟ್ಟುತ್ತಿದ್ದರು. ಹೆಂಗಸರಿಗೆ ಅದೂ ಇಲ್ಲ.

ಇದನ್ನೆಲ್ಲ ನಾನು ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದವರಿಗೆ ಪಾಠ ಮಾಡುತ್ತಿದ್ದೆ. ಸಿಲಬಸ್ಸಿನಲ್ಲಿ ಇದ್ದದ್ದು ಯುರೋಪಿನಿಂದ ವಲಸೆ ಹೋದವರ ಕತೆ, ಅಂದರೆ ಹಡಗಿನ ತಳದಲ್ಲಿ ಒತ್ತೊತ್ತಾಗಿ ಮಲಗಿ ಹೋದವರ ಕತೆ. ಮೇಲಿನವರ ವಿಷಯವನ್ನು ನಾನೇ ಸೇರಿಸಿಕೊಂಡಿದ್ದೆ, ಹುಡುಗಿಯರಿಗೆ ಅದೇ ಇಷ್ಟವಾಗುತ್ತಿತ್ತು. "ಮಿಸ್, ಅಷ್ಟು ದಿನ ಸುಮ್ನೆ ಕೂತು ಬೋರ್ ಆಗ್ತಿರ್ಲಿಲ್ವಾ ಅವ್ರಿಗೆ?" ಎಂದು ಪ್ರತಿವರ್ಷವೂ ಯಾರಾದರೂ ಕೇಳುತ್ತಿದ್ದರು. ನಾನು ನಕ್ಕು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನೈರೋಬಿಗೆ ಬಂದು ಕೆಲವು ತಿಂಗಳಾದ ಮೇಲೆ ಉತ್ತರ ಗೊತ್ತಾಯಿತು. ಆಗುತ್ತಿತ್ತು.

ಇವರಿಗೆ, ಅಂದರೆ ನನ್ನ ಗಂಡನಿಗೆ, ಟೆಲಿಕಾಂ ಕಂಪನಿಯವರು ನೈರೋಬಿಗೆ ಪೋಸ್ಟಿಂಗ್ ಕೊಟ್ಟಾಗ ಮಗಳು ಎರಡನೇ ಕ್ಲಾಸಿನಲ್ಲಿದ್ದಳು. ಎರಡು ವರ್ಷ ಅಷ್ಟೇ ಎಂದು ನಂಬಿಸಿ ಕರೆದುಕೊಂಡು ಬಂದರು. ನಾನು ಕಾಲೇಜಿನಿಂದ ಸಂಬಳವಿಲ್ಲದ ರಜೆ ತೆಗೆದುಕೊಂಡು ಬಂದೆ. ಎರಡು ವರ್ಷ ನಾಲ್ಕಾಯಿತು, ನಾಲ್ಕು ಆರಾಯಿತು, ಪ್ರತಿಸಲವೂ ನನ್ನ ರಜೆಯನ್ನೂ ಎಳೆದು ಉದ್ದ ಮಾಡಿಸಿಕೊಂಡೆ. ಗಂಡನ ಹಿಂದೆ ಬಂದವಳಿಗೆ ಕೊಡುವ ಪಾಸಿನಲ್ಲಿ ಆ ದೇಶದಲ್ಲಿ ಸಂಬಳದ ಕೆಲಸ ಮಾಡುವಂತಿರಲಿಲ್ಲ. ಲೊರೆಶೋ ಬಡಾವಣೆಯಲ್ಲಿ ದೊಡ್ಡ ಮನೆ, ಸುತ್ತ ಎತ್ತರದ ಗೋಡೆ, ಗೋಡೆಯ ಮೇಲೆ ಕರೆಂಟಿನ ತಂತಿ. ಗೇಟಿಗೆ ಒಬ್ಬ ಅಸ್ಕಾರಿ ಕಾವಲು, ತೋಟಕ್ಕೆ ಒಬ್ಬ, ಕಾರಿಗೆ ಒಬ್ಬ, ಮನೆಯೊಳಗೆ ಒಬ್ಬಾಕೆ. ಬೆಳಿಗ್ಗೆ ಅವರೆಲ್ಲ ಒಬ್ಬೊಬ್ಬರಾಗಿ ಚೆನ್ನಾಗಿದ್ದೀರಾ ಎಂದು ಕೇಳುತ್ತಿದ್ದರು, ನಾನು ಅವರದೇ ಸ್ವಾಹಿಲಿಯಲ್ಲಿ 'ಸವಾ ಸವಾ' ಎನ್ನುತ್ತಿದ್ದೆ. ಅಲ್ಲಿಗೆ ನನ್ನ ದಿನದ ಕೆಲಸ ಅರ್ಧ ಮುಗಿಯುತ್ತಿತ್ತು.

ಊರಿನವರು ಫೋನಿನಲ್ಲಿ ಪುಣ್ಯ ಮಾಡಿದ್ದೀಯ ಎನ್ನುತ್ತಿದ್ದರು. ಇಲ್ಲ ಎನ್ನಲು ನನಗೂ ಬಾಯಿ ಬರುತ್ತಿರಲಿಲ್ಲ. ದಣಿವು ಎಂದರೆ ಕೆಲಸ ಮಾಡಿ ಬರುವಂಥದ್ದು ಎಂದು ನಾನು ತಿಳಿದಿದ್ದೆ. ಮಾಡದೆಯೂ ಬರುತ್ತದೆ, ಮತ್ತು ಆ ದಣಿವು ಮಲಗಿದರೆ ಹೋಗುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಎದ್ದು ಮುಖ ತೊಳೆದರೆ ಕನ್ನಡಿಯಲ್ಲಿ ಇಡೀ ದಿನ ಗದ್ದೆ ನಾಟಿ ಮಾಡಿ ಬಂದವಳ ಮುಖ ಕಾಣುತ್ತಿತ್ತು. ಇದನ್ನು ಯಾರಿಗೆ ಹೇಳಿದರೂ ಕೊಬ್ಬು ಎನ್ನುತ್ತಾರೆ. ಆದ್ದರಿಂದ ಹೇಳುತ್ತಿರಲಿಲ್ಲ.

ಆ ವರ್ಷ ಜನವರಿಯಲ್ಲಿ ಮೈಸೂರಿನಿಂದ ಗೆಳತಿಯ ಫೋನು ಬಂತು. ಜೊತೆಯಲ್ಲೇ ಕೆಲಸಕ್ಕೆ ಸೇರಿದವಳು, ಈಗ ನಮ್ಮ ವಿಭಾಗದ ಮುಖ್ಯಸ್ಥೆ. ಸುತ್ತಿ ಬಳಸಿ ಮಾತಾಡುವ ಪೈಕಿಯಲ್ಲ.

"ಈ ಸಲ ಮ್ಯಾನೇಜ್‌ಮೆಂಟ್‌ನೋರು ಎಕ್ಸ್‌ಟೆನ್ಷನ್ ಕೊಡಲ್ಲ ಕಣೇ. ಜೂನ್‌ನಲ್ಲಿ ಕಾಲೇಜು ಓಪನ್ ಆಗೋ ದಿನ ಬಂದು ಸೈನ್ ಹಾಕು. ಇಲ್ಲಾಂದ್ರೆ ಬಿಟ್ಬಿಡು, ಬೇರೆಯವರನ್ನ ತಗೋತಾರೆ. ಮಧ್ಯದಲ್ಲಿ ನೇತಾಡ್ಕೊಂಡು ಇರ್ಬೇಡ."

ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ವೆರಾಂಡದಲ್ಲಿ ಕೂತಿದ್ದೆ. ನನಗೆ ಆ ಕೆಲಸ ಬೇಕಾಗಿತ್ತು. ಸಂಬಳಕ್ಕಲ್ಲ, ಪೆನ್ಷನ್ನಿಗೂ ಅಲ್ಲ. ಬೆಳಿಗ್ಗೆ ಎದ್ದು ಸೀರೆ ಉಟ್ಟು, ಬಸ್ಸು ತಪ್ಪುತ್ತದೆಯೇನೋ ಎಂದು ಓಡುವುದು ಬೇಕಾಗಿತ್ತು. ಸೀಮೆಸುಣ್ಣದ ಪುಡಿ ಉಗುರಿಗೆ ಮೆತ್ತುವುದು ಬೇಕಾಗಿತ್ತು. ಅದು ನನಗೆ ಎಷ್ಟು ಬೇಕು ಎಂದು ಅವತ್ತೇ ಮೊದಲ ಸಲ ಅಷ್ಟು ಸ್ಪಷ್ಟವಾಗಿ ಗೊತ್ತಾದದ್ದು, ಗೊತ್ತಾಗಿ ಗಾಬರಿಯಾಯಿತು.

ಸಂಜೆ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. "ಜೂನ್‌ಗೆ ಬಂದು ಸೇರ್ಕೋ ಅಂತಿದಾರೆ. ಹೋಗೋಣ ಅನ್ಸತ್ತೆ ನಂಗೆ. ಇಲ್ಲಾಂದ್ರೂ ಪರ್ವಾಗಿಲ್ಲ."

"ನೋಡು. ನಿನ್ನಿಷ್ಟ," ಎಂದು ಇವರು ಸಾರಿನ ಪಾತ್ರೆ ಹತ್ತಿರ ಎಳೆದುಕೊಂಡರು.

ಫೆಬ್ರವರಿಯಲ್ಲಿ ಇನ್ನೊಮ್ಮೆ ಹೇಳಿದೆ, ಮಾರ್ಚಿನಲ್ಲಿ ಮತ್ತೊಮ್ಮೆ. ಪ್ರತಿಸಲವೂ ಅದೇ ಉತ್ತರ. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಈ 'ನಿನ್ನಿಷ್ಟ' ಎಂಬುದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ನಾನು ಒಳಗೊಳಗೇ ಲೆಕ್ಕ ಹಾಕುತ್ತಾ ಹೋದೆ. ಮಗಳನ್ನು ಮೈಸೂರಿನಲ್ಲಿ ಯಾವ ಸ್ಕೂಲಿಗೆ ಹಾಕುವುದು, ಕನ್ನಡ ಓದಲು ಬರೆಯಲು ಯಾರಿಂದ ಪಾಠ ಹೇಳಿಸುವುದು, ಕುವೆಂಪುನಗರದ ಕಡೆ ಮನೆ ಹಿಡಿದರೆ ಅವಳಿಗೂ ನನಗೂ ಹತ್ತಿರವಾಗುತ್ತದೆಯೇ. ಗೆಳತಿಗೆ ಹೇಳಿ ಎರಡು ಸ್ಕೂಲುಗಳಲ್ಲಿ ವಿಚಾರಿಸಿಯೂ ಆಗಿತ್ತು.

ಈ ನಡುವೆ ನಾಟಕ ಬಂದು ಕುತ್ತಿಗೆಗೆ ಬಿತ್ತು. ನೈರೋಬಿಯ ನಮ್ಮ ಕನ್ನಡದವರ ಗುಂಪಿನಲ್ಲಿ ಯುಗಾದಿಗೆ ಒಂದು ನಾಟಕ ಆಗಲೇಬೇಕು, ಬರೆಯುವವಳು ನಾನೇ, ಯಾಕೆಂದರೆ ಎಲ್ಲರ ಪ್ರಕಾರ ಬಿಡುವಾಗಿರುವವಳು ನಾನೊಬ್ಬಳೇ. ಹಿಂದಿನ ವರ್ಷ ವಿಜಯನಗರದ ದರ್ಬಾರು ಆಡಿದ್ದೆವು. ರಟ್ಟಿನ ಕಿರೀಟಗಳೆಲ್ಲ ಕಣ್ಣಿನ ಮೇಲೆ ಜಾರಿ, ರಾಜ ಮಂತ್ರಿ ಇಬ್ಬರೂ ಒಂದೇ ಕೈಯಲ್ಲಿ ಅಭಿನಯ ಮಾಡಬೇಕಾಯಿತು. ಆದ್ದರಿಂದ ಈ ಸಲ ಗುಂಪಿನ ಅಧ್ಯಕ್ಷರು ಮೊದಲೇ ಹೇಳಿಬಿಟ್ಟರು. ಅವರು ಒಂದು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಹಿರಿಯರು.

"ಕಿರೀಟ ಬೇಡ, ಮೀಸೆ ಬೇಡ ಮೇಡಂ. ಏನಾದ್ರೂ ರಿಚ್ ಆಗಿರ್ಲಿ. ಆದ್ರೆ ನಮ್ಹತ್ರ ಇರೋ ಸೂಟ್‌ನಲ್ಲೇ ಆಗ್ಬೇಕು."

ಸೂಟು ಹಾಕಿಕೊಂಡು ರಿಚ್ ಆಗಿ ಇರುವವರು ಎಂದರೆ ನನಗೆ ಗೊತ್ತಿದ್ದದ್ದು ಒಂದೇ ಜಾತಿ. ಲಿವರ್‌ಪೂಲಿನಿಂದ ನ್ಯೂಯಾರ್ಕಿಗೆ ಹೊರಟ ಹಡಗಿನ ಮೊದಲ ದರ್ಜೆಯವರ ಮೇಲೆ ಒಂದು ತಿಳಿಹಾಸ್ಯದ ನಾಟಕ ಬರೆದುಕೊಟ್ಟೆ. ಡೆಕ್ಕಿನ ಅಡ್ಡಾಟ, ಮೈಲಿಯ ಬಾಜಿ, ಒಂದು ಬಿರುಗಾಳಿ, ಕೊನೆಗೆ ಕ್ಯಾಪ್ಟನ್ನನ ಟೇಬಲ್ಲಿನಲ್ಲಿ ದೊಡ್ಡ ಊಟ. ಹೆಂಗಸರ ಗೌನುಗಳಿಗೆ ಮಿತುಂಬಾ ಮಾರ್ಕೆಟ್ಟಿಗೆ ಹೋದೆವು. ಯುರೋಪಿನವರು ಉಟ್ಟು ಬಿಟ್ಟ ಬಟ್ಟೆಯೆಲ್ಲ ಗಂಟುಗಂಟಾಗಿ ಬಂದು ಬೀಳುವ ಜಾಗ ಅದು. ಯಾರದೋ ಮದುವೆಯಲ್ಲಿ ಒಂದೇ ದಿನ ಉಟ್ಟ ಉದ್ದ ಗೌನುಗಳು ರಾಶಿ ಬಿದ್ದಿದ್ದವು. ನಮ್ಮ ಹೆಂಗಸರು ಅಲ್ಲೇ ಚೂಡಿದಾರದ ಮೇಲೆಯೇ ಹಾಕಿ ನೋಡಿ, ತೋಳು ಚಿಕ್ಕದಾಯಿತು, ಬೆನ್ನು ಬಹಳ ತೆರೆದಿದೆ ಎಂದು ಮೂಗು ಮುರಿದು, ಕೊನೆಗೆ ಎಲ್ಲರೂ ಒಂದೊಂದು ಹಿಡಿದುಕೊಂಡು ಬಂದರು.

ತೊಂದರೆ ಶುರುವಾದದ್ದು ಪಾತ್ರ ಹಂಚುವಾಗ. ಎಲ್ಲರೂ ಮೊದಲ ದರ್ಜೆಯವರೇ. ಅಧ್ಯಕ್ಷರು ಕ್ಯಾಪ್ಟನ್ ಎನ್ನುವುದರ ಬಗ್ಗೆ ಎರಡು ಮಾತಿರಲಿಲ್ಲ. ಉಳಿದವರು ನನಗೆ ಬೇರೆಬೇರೆಯಾಗಿ ಫೋನು ಮಾಡಿ, ಊಟದ ದೃಶ್ಯದಲ್ಲಿ ಕ್ಯಾಪ್ಟನ್ ಪಕ್ಕ ಯಾರು ಕೂರುತ್ತಾರೆ ಎಂದು ಹಗುರವಾಗಿ ಕೇಳಿದರು. ನಿಜವಾದ ಹಡಗುಗಳಲ್ಲೂ ಆ ಕುರ್ಚಿಗಾಗಿ ಜನ ಇಂಥದೇ ಶಿಫಾರಸು ಮಾಡಿಸುತ್ತಿದ್ದರು ಎಂದು ಹೇಳಿದರೆ ಯಾರಿಗೂ ನಗು ಬರಲಿಲ್ಲ. ಬಡಿಸುವ ಸ್ಟುವರ್ಡ್ ಮಾತ್ರ ಯಾರಿಗೂ ಬೇಡ. ಗಿಗಿರಿಯಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೊಂದರ ಆಫೀಸಿನಲ್ಲಿದ್ದವರೊಬ್ಬರು ಬಹಳ ಸಂಕೋಚದಿಂದ ಕಾರಣ ಹೇಳಿದರು.

"ರೋಲ್ ಚಿಕ್ಕದು ಅಂತಲ್ಲ ಮೇಡಂ. ನಮ್ಮ ಡ್ರೈವರ್ರೂ ನೋಡೋಕೆ ಬರ್ತಾನೆ."

ಕೈಚೆಲ್ಲಿ ಕೂತಿದ್ದಾಗ ಇವರೇ "ನಾನ್ ಮಾಡ್ತೀನಿ ಬಿಡು" ಎಂದರು. ಮಾತು ಕಡಿಮೆ ಇದೆ, ಉರು ಹೊಡೆಯುವುದು ತಪ್ಪುತ್ತದೆ ಎನ್ನುವುದು ಅವರ ಲೆಕ್ಕ. ಮನೆಯಲ್ಲಿ ತಾವು ಉಂಡ ತಟ್ಟೆಯನ್ನು ಸಿಂಕಿನವರೆಗೆ ಒಯ್ದದ್ದನ್ನು ನಾನು ನೋಡಿರಲಿಲ್ಲ. ಆದರೂ ಆಯಿತು ಎಂದೆ, ಬೇರೆ ದಾರಿ ಇರಲಿಲ್ಲ.

ನಮ್ಮ ಮನೆಯ ವೆರಾಂಡ ಉದ್ದವಾಗಿತ್ತು, ಹಾಗಾಗಿ ಅದೇ ಡೆಕ್ ಆಯಿತು. ಶನಿವಾರ ಮಧ್ಯಾಹ್ನ ಎಲ್ಲರೂ ಬರುತ್ತಿದ್ದರು. ಸೌತ್ ಬಿ ಬಡಾವಣೆಯ ಕಡೆಯಿಂದ ಬರುವವರು ಟ್ರಾಫಿಕ್ಕಿಗೆ ಬೈಯುತ್ತಾ ಕೊನೆಗೆ ಮುಟ್ಟುತ್ತಿದ್ದರು. ನಾನು ಕಾಫಿ ಸೋಸಬೇಕು, ಬೋಂಡ ಕರಿಯಬೇಕು, ಮಾತು ತಿದ್ದಬೇಕು. ಬಿರುಗಾಳಿ ಬಂದಾಗ ಎಲ್ಲರೂ ಒಂದೇ ಕಡೆಗೆ ವಾಲಬೇಕಿತ್ತು, ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ವಾಲಿ ತಲೆಗೆ ತಲೆ ಬಡಿದುಕೊಳ್ಳುತ್ತಿದ್ದರು. ಅದನ್ನೆಲ್ಲ ತಿದ್ದಬಹುದಿತ್ತು. ತಿದ್ದಲಾರದೆ ಹೋದದ್ದು ಊಟ.

ಇಂಗ್ಲಿಷರ ಊಟದಲ್ಲಿ ಒಂದಾದ ಮೇಲೆ ಒಂದು ಬರುತ್ತದೆ, ಸೂಪು ಮುಗಿದು ಅದರ ತಟ್ಟೆ ಹೋದ ಮೇಲೆ ಮುಂದಿನದು. ಸ್ಟುವರ್ಡ್ ಎಡಗಡೆಯಿಂದ ಬಡಿಸುತ್ತಾನೆ, ಕೇಳದೆ ಮಾತಾಡುವುದಿಲ್ಲ. ಇದನ್ನು ನಾನು ಇವರಿಗೆ ಹತ್ತು ಸಲ ಹೇಳಿಕೊಟ್ಟೆ. ಇವರು ಟ್ರೇ ಹಿಡಿದು ಗಂಭೀರವಾಗಿ ಬಂದರು, ಟೇಬಲ್ಲಿನ ಆ ತುದಿಯಿಂದ ಶುರುಮಾಡಿ ಎಲ್ಲರ ತಟ್ಟೆಯ ಮೂಲೆಗೂ ಮೊದಲು ಉಪ್ಪು ಬಡಿಸಿಕೊಂಡು ಹೋದರು. ಮತ್ತೆ ಬಂದು ಕೋಸಂಬರಿ ಬಡಿಸುವಂತೆ ನಟಿಸಿದರು. ಮೊದಲ ದರ್ಜೆಯವರು ಕೈಕಟ್ಟಿ ಕಾಯುತ್ತಾ ಕೂತರು, ಯಾಕೆಂದರೆ ಕೊನೆಯ ಎಲೆಗೆ ಬಡಿಸುವ ತನಕ ಯಾರೂ ಕೈ ಹಾಕುವಂತಿಲ್ಲ. ಹಿರಿಯರಾದ ಕ್ಯಾಪ್ಟನ್ ಎರಡೂ ಬದಿ ನೋಡಿ, "ಎಲ್ರಿಗೂ ಬಂತಾ? ಶುರು ಮಾಡೋಣ್ವಾ?" ಎಂದರು. ಒಬ್ಬರು ಅಭ್ಯಾಸಬಲದಿಂದ ಗಾಜಿನ ಲೋಟದ ನೀರನ್ನು ಅಂಗೈಗೆ ಸುರಿದುಕೊಂಡು ತಟ್ಟೆಯ ಸುತ್ತ ಗೆರೆ ಎಳೆದೇಬಿಟ್ಟರು. ಇದರಲ್ಲಿ ಯಾವುದೂ ನಾಟಕದಲ್ಲಿ ಇರಲಿಲ್ಲ. ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಎಂದರೆ ನಮ್ಮವರ ಕೈಕಾಲುಗಳಿಗೆ ಗೊತ್ತಿರುವುದು ಪಂಕ್ತಿ ಒಂದೇ.

ಅದಕ್ಕಿಂತ ದೊಡ್ಡದು ಉಪಚಾರ. ಇವರು ಬೋಂಡ ಹಿಡಿದು ಬಗ್ಗಿದರೆ ಕೂತವರು 'ಸಾಕು' ಎನ್ನುವರು. ಬಡಿಸುವವನು ಒಂದನ್ನು ಹಾಕಿಯೇ ಹಾಕುವನು. ನಮ್ಮಲ್ಲಿ ಮೊದಲನೆಯ 'ಸಾಕು' ಎಂಬುದಕ್ಕೆ ಲೆಕ್ಕವಿಲ್ಲ, ಅದು ಬರೀ ಮರ್ಯಾದೆ. ಎರಡನೆಯದನ್ನು ಕೈ ಅಡ್ಡ ಮಾಡಿ ಹೇಳಬೇಕು, ಅದಕ್ಕೆ ಅರ್ಧ ಸೌಟು. ನಿಜವಾಗಿ ಬೇಡವಾದವರು ಎರಡೂ ತೋಳಿನಿಂದ ಎಲೆ ಮುಚ್ಚಿ ಅದರ ಮೇಲೆ ಬಗ್ಗಿಬಿಡಬೇಕು, ಆಗ ಮಾತ್ರ ಬಡಿಸುವವನು ಮುಂದಕ್ಕೆ ಹೋಗುತ್ತಾನೆ.

"ಸ್ಟುವರ್ಡ್ ಬಲವಂತ ಮಾಡಲ್ಲ ಕಣ್ರೀ," ಎಂದು ನಾನು ತಲೆ ಚಚ್ಚಿಕೊಂಡೆ. "ಬೇಡ ಅಂದ್ರೆ ಬೇಡ, ಅಷ್ಟೇ. ಮುಂದೆ ಹೋಗ್ಬೇಕು."

"ಬೇಡ ಅಂತ ಮನಸ್ಸಿಂದ ಹೇಳ್ತಾರೇನೇ ಯಾರಾದ್ರೂ?" ಎಂದರು ಇವರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಕೊನೆಗೆ ನಾನೇ ಸೋತೆ. ಆಡುವಂತೆ ಆಡಲಿ, ಇದೊಂದು ಮುಗಿದರೆ ಸಾಕು ಎನ್ನುವಷ್ಟು ದಣಿದಿದ್ದೆ. ನನ್ನ ಪಾಲಿಗೆ ಒಂದು ಪಾತ್ರ ಉಳಿದಿತ್ತು, ಹೊರಟ ದಿನದಿಂದ ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸಿಕೊಂಡು ಏನನ್ನೂ ತಿನ್ನದೆ ಡೆಕ್ಕಿನ ಕುರ್ಚಿಯಲ್ಲೇ ಮಲಗಿರುವ ಹೆಂಗಸಿನದು. ಕೂತೇ ಇರುವ ಪಾತ್ರ ಯಾರೂ ತೆಗೆದುಕೊಂಡಿರಲಿಲ್ಲ. ನನಗೆ ಅದೇ ಅನುಕೂಲವಾಗಿತ್ತು, ಕಂಬಳಿಯೊಳಗೆ ನಾಟಕದ ಪ್ರತಿ ಇಟ್ಟುಕೊಂಡು ಮರೆತವರಿಗೆ ಮಾತು ಎತ್ತಿಕೊಡಬಹುದಿತ್ತು.

ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ನಾಟಕ. ದೇವಸ್ಥಾನದ ಮೇಲಂತಸ್ತಿನ ಹಾಲ್, ಅಲ್ಲಿ ಚಪ್ಪಲಿ ಬೂಟು ಹಾಕುವಂತಿಲ್ಲ. ನಮಗೆ ಇದು ಅವತ್ತಿನವರೆಗೆ ನೆನಪಾಗಲೇ ಇಲ್ಲ. ಕೋಟು, ಬೋ ಟೈ ಎಲ್ಲ ಸರಿಯಾಗಿಟ್ಟುಕೊಂಡ ಗಂಡಸರು ಕಾಲುಚೀಲದಲ್ಲಿ, ನೆಲ ಗುಡಿಸುವ ಗೌನಿನ ಹೆಂಗಸರು ಬರಿಗಾಲಿನಲ್ಲಿ ಕಾಲುಂಗುರ ತೋರಿಸುತ್ತಾ ಅಟ್ಲಾಂಟಿಕ್ ದಾಟಲು ಹೊರಟರು. ಡೆಕ್ಕಿನ ಮೇಲೆ ಟಕಟಕ ಎಂದು ಬೂಟಿನ ಸದ್ದು ಬರಲಿ ಎಂದು ನಾನು ಬರೆದಿದ್ದ ಮಾತುಗಳೆಲ್ಲ ನೀರುಪಾಲಾದವು. ಬಿರುಗಾಳಿಯಲ್ಲಿ ಮಾತ್ರ ಎಲ್ಲರೂ ಒಂದೇ ಕಡೆಗೆ ವಾಲಿದರು.

ಊಟದ ದೃಶ್ಯ ಬಂತು. ಖಾಲಿ ಟ್ರೇ ಹಿಡಿದು ಬರಬೇಕಿದ್ದ ಇವರು ಸ್ಟೀಲ್ ಬಕೆಟ್ ಹಿಡಿದು ಬಂದರು. ನಾಟಕವಾದ ಮೇಲೆ ಊಟಕ್ಕೆಂದು ಮಾಡಿಸಿದ್ದ ಹಬ್ಬದ ಒಬ್ಬಟ್ಟನ್ನು ಹಿಂದಿನ ಅಡುಗೆಮನೆಯಿಂದ ಯಾರಿಗೂ ಹೇಳದೆ ಎತ್ತಿಕೊಂಡು ಬಂದಿದ್ದರು, ಇನ್ನೊಂದು ಕೈಯಲ್ಲಿ ತುಪ್ಪ. ಕ್ಯಾಪ್ಟನ್ನನಿಂದ ಶುರುಮಾಡಿ, "ಸ್ವಾಮಿ, ಇನ್ನೊಂದೇ ಒಂದು, ನ್ಯೂಯಾರ್ಕಲ್ಲಿ ಸಿಗಲ್ಲ" ಎಂದು ಬಡಿಸುತ್ತಾ ಹೋದರು. ಮೊದಲ ದರ್ಜೆಯವರು ಬರೆದ ಮಾತೆಲ್ಲ ಮರೆತು, ಸಾಕು ಸಾಕು ಎಂದು ತಟ್ಟೆಯ ಮೇಲೆ ಕೋಟಿನ ತೋಳು ಅಡ್ಡ ಹಿಡಿದರು. ಹಾಲ್‌ನಲ್ಲಿದ್ದವರೆಲ್ಲ ನಕ್ಕು ನಕ್ಕು ಸುಸ್ತಾದರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವರು ನನ್ನ ಕುರ್ಚಿಯ ಹತ್ತಿರ ಬಂದರು.

"ಮೇಡಂ, ನಿಮಗೆ?"

"ಏನೂ ಬೇಡ," ಎಂದೆ. ಅದು ನಾನು ಬರೆದಿದ್ದ ಮಾತೇ.

"ಹಂಗಂದ್ರೆ ಹೇಗೆ," ಎಂದು ಎರಡು ಒಬ್ಬಟ್ಟು ಹಾಕಿ ತುಪ್ಪ ಸುರಿದರು. ಜನ ಚಪ್ಪಾಳೆ ಹೊಡೆದರು. ಮುನ್ನೂರು ಕಣ್ಣು ನನ್ನ ಮೇಲಿತ್ತು, ಹೊಟ್ಟೆ ತೊಳಸುವ ಹೆಂಗಸು ಎರಡು ಒಬ್ಬಟ್ಟು ತಿಂದಳು.

ಪರದೆ ಬಿದ್ದ ಮೇಲೆ ವಂದನಾರ್ಪಣೆ. ಎಲ್ಲರೂ ಇವರನ್ನೇ ಹೊಗಳುವವರು. ಅಧ್ಯಕ್ಷರು ಮೈಕಿನಲ್ಲಿ, ಮುಂದಿನ ವರ್ಷವೂ ಮೇಡಂ ಇಂಥದೇ ಒಂದು ಬರೆದುಕೊಡಬೇಕು ಎಂದರು. ನಾನು ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಇವರು ಮೈಕು ತೆಗೆದುಕೊಂಡು, "ಬರೀತಾಳೆ ಸಾರ್, ಎಲ್ಲಿ ಹೋಗ್ತಾಳೆ ಅವ್ಳು? ಮುಂದಿನ ವರ್ಷ ಇನ್ನೂ ದೊಡ್ಡದು ಮಾಡ್ಸೋಣ" ಎಂದರು. ಬಹಳ ಸಂತೋಷದಲ್ಲಿ ಹೇಳಿದರು. ಹೆಮ್ಮೆಯಿಂದ ನನ್ನ ಕಡೆ ನೋಡಿಯೂ ನೋಡಿದರು. ಅದನ್ನೇ ನನಗೆ ತಡೆಯಲಾಗಲಿಲ್ಲ. ನನ್ನನ್ನು ಸುಮ್ಮನಿರಿಸಲು ಹೇಳಿದ್ದರೆ ಕೋಪ ಬಂದು ಹೋಗುತ್ತಿತ್ತು. ಅವರಿಗೆ ಜೂನ್ ತಿಂಗಳು ನೆನಪೇ ಇರಲಿಲ್ಲ.

ಭಾನುವಾರ ಡ್ರೈವರಿಗೆ ರಜೆ, ಇವರೇ ಕಾರು ಓಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಮಗಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದಳು. ಅವಳಿಗೆ ಆಗ ಹದಿಮೂರು ದಾಟಿತ್ತು. ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷು. ವೈಯಾಕಿ ವೇ ರಸ್ತೆಯಲ್ಲಿ ಮಟಾಟು ಎನ್ನುವ ಬಾಡಿಗೆ ವ್ಯಾನುಗಳು ಅಡ್ಡಾದಿಡ್ಡಿ ನಿಂತು ಜನ ತುಂಬಿಸಿಕೊಳ್ಳುತ್ತಿದ್ದವು. ಇವರು ಒಬ್ಬಟ್ಟಿನ ಕತೆಯನ್ನು ಎರಡನೆಯ ಸಲ ಶುರುಮಾಡಿದಾಗ ನಾನು ಕೇಳಿದೆ.

"ನೀವು ಹಂಗ್ಯಾಕೆ ಹೇಳಿದ್ರಿ?"

"ಏನಂತ?"

"ಮುಂದಿನ ವರ್ಷ ಬರೀತಾಳೆ ಅಂತ. ಮುಂದಿನ ವರ್ಷ ನಾನ್ ಇಲ್ಲಿ ಇರಲ್ಲ. ಜೂನ್‌ಗೆ ಹೋಗ್ಬೇಕು ಅಂತ ಜನವರಿಯಿಂದ ಹೇಳ್ತಿದೀನಿ."

ಅವರು ನಿಜವಾಗಿ ದಿಗಿಲಾಗಿ ನನ್ನ ಕಡೆ ತಿರುಗಿದರು, ಹಿಂದಿನ ಗಾಡಿಯವನು ಹಾರನ್ ಹೊಡೆದ ಮೇಲೆ ರಸ್ತೆ ನೋಡಿದರು.

"ಹೇಳ್ದೆ ನೀನು. ಆದ್ರೆ ಪರ್ವಾಗಿಲ್ಲ ಅಂತಾನೂ ನೀನೇ ಅಂದೆ. ಪ್ರತಿಸಲ ಅಂದೆ. ನಾನು ಮಾತಿಗೆ ಹೇಳ್ತಿದೀಯ ಅಂದ್ಕೊಂಡೆ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೂರು ತಿಂಗಳು ನಾನು ಎಲೆಯ ಮೇಲೆ ಒಂದು ಕೈ ಮಾತ್ರ ಅಡ್ಡ ಹಿಡಿದಿದ್ದೆ. ಅವರು ನಮ್ಮ ಪದ್ಧತಿಯಂತೆ ಬಡಿಸುತ್ತಲೇ ಇದ್ದರು. ನನಗೆ ಅಳು ಬಂತು, ಅಳಲಿಲ್ಲ, ಅತ್ತರೆ ಅದನ್ನೂ ಸಮಾಧಾನ ಮಾಡಿ ಮುಗಿಸಿಬಿಡುತ್ತಾರೆ ಎನಿಸಿತು.

"ಮಾತಿಗೆ ಅಲ್ಲ. ನಂಗೆ ಆ ಕೆಲ್ಸ ಬೇಕು. ಇಲ್ಲಿ ಕೂತೂ ಕೂತೂ ನಂಗೆ ಸಾಕಾಗಿದೆ," ಎಂದೆ. "ನಾನೂ ಪುಟ್ಟಿನೂ ಜೂನ್‌ಗೆ ಹೋಗ್ತೀವಿ. ಅವಳ ಸ್ಕೂಲಿಗೂ ವಿಚಾರಿಸಿದೀನಿ."

ಇವರು ರಸ್ತೆ ನೋಡಿಕೊಂಡೇ ಗೇರು ಬದಲಿಸಿದರು. ಹೊರಡುವ ಮುಂಚೆ ಬೋ ಟೈ ಬಿಚ್ಚಲು ಮರೆತಿದ್ದರು, ಅದು ಒಂದು ಪಕ್ಕಕ್ಕೆ ತಿರುಗಿತ್ತು. ಕೊನೆಗೆ, "ನಂಗೆ ಕಷ್ಟ ಆಗತ್ತೆ," ಎಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. "ಆದ್ರೂ ಹೋಗು. ಹೋಗ್ಲೇಬೇಕು ನೀನು."

ನನ್ನ ಮೈಯೆಲ್ಲ ಹಗುರವಾಯಿತು. ಇಷ್ಟೇ ಇತ್ತೇ ಎನಿಸಿತು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಮಗಳು ಹೇಳಿದಳು.

"ಐ ಆಮ್ ನಾಟ್ ಗೋಯಿಂಗ್."

ತಿರುಗಿ ನೋಡಿದೆ. ಕಿವಿಯಲ್ಲಿದ್ದದ್ದು ಯಾವಾಗ ತೆಗೆದಿದ್ದಳೋ, ತೊಡೆಯ ಮೇಲಿತ್ತು.

"ಏನಂದೆ?"

"ನೋ, ಅಮ್ಮ. ಯು ಗೋ. ನೀನು ಹೋಗ್ಬೇಕು. ಐ ಆಮ್ ಸ್ಟೇಯಿಂಗ್ ವಿತ್ ಅಪ್ಪ."

"ಮನೆಗೆ ಹೋಗಿ ಮಾತಾಡೋಣ. ಈಗ ಸುಮ್ನಿರು."

"ನೋಬಡಿ ಆಸ್ಕ್ಡ್ ಮಿ," ಎಂದಳು. ಗಟ್ಟಿಯಾಗಿ ಅಲ್ಲ. ಅವಳ ಮುಖದಲ್ಲಿ ಕೋಪವೂ ಇರಲಿಲ್ಲ, ಅವಳೂ ದಣಿದಂತೆ ಕಾಣುತ್ತಿದ್ದಳು. ಮೈಕು ಹಿಡಿದು ನನ್ನ ಪರವಾಗಿ ಮಾತು ಕೊಟ್ಟವರ ಮೇಲೆ ಒಂದು ಗಂಟೆಯಿಂದ ನಾನು ಉರಿಯುತ್ತಿದ್ದೆ. ಜನವರಿಯಿಂದ ನಾನು ಮಾಡಿದ್ದೂ ಅದನ್ನೇ, ಮೈಕಿಲ್ಲದೆ.

ಮನೆಗೆ ಹೋಗಿ ಮಾತಾಡಿದೆವು. ಆ ದಿನ ಮಾತ್ರವಲ್ಲ, ಮೇ ತಿಂಗಳಿಡೀ ಮಾತಾಡಿದೆವು, ಮಾತಾಡಿದವಳು ಹೆಚ್ಚಾಗಿ ನಾನೇ. ಮೈಸೂರಿನಲ್ಲಿ ಸೈಕಲ್ಲಿನಲ್ಲಿ ಒಬ್ಬಳೇ ಸ್ಕೂಲಿಗೆ ಹೋಗಬಹುದು ಎಂದೆ, ಇಲ್ಲಿ ಗೇಟು ದಾಟಲೂ ಕಾರು ಬೇಕು. ಚಿಕ್ಕಮ್ಮನ ಮಕ್ಕಳಿದ್ದಾರೆ ಎಂದೆ. ನಾಯಿಮರಿ ಸಾಕೋಣ ಎಂದೆ. ಒಂದೇ ವರ್ಷ ನೋಡು, ಹಿಡಿಸದಿದ್ದರೆ ವಾಪಸ್ಸು ಬಂದುಬಿಡು ಎಂದೆ. ಇನ್ನೊಂಚೂರು, ಇನ್ನೊಂದೇ ಒಂದು ಎಂದು ಬಗ್ಗಿ ಬಗ್ಗಿ ಬಡಿಸಿದೆ. ಅವಳು ಪ್ರತಿಸಲವೂ ಅದೇ ದನಿಯಲ್ಲಿ 'ನೋ' ಎಂದಳು. ಅವಳು ಬೆಳೆದ ಊರು ಇದು. ಅವಳ ಗೆಳತಿಯರು, ಅವಳ ಹಾಕಿ ಟೀಮು, ಅವಳು ನಗುವ ಜೋಕುಗಳು ಎಲ್ಲ ಇಲ್ಲಿಯವು. ನನಗೆ ಇದು ಹಡಗು. ಅವಳಿಗೆ ಇದೇ ನೆಲ, ಅದು ನನಗೆ ಹೊಳೆದಿರಲೇ ಇಲ್ಲ. ಅವಳ ಬೇಡ ಎನ್ನುವುದರಲ್ಲಿ ಮೊದಲನೆಯದು, ಎರಡನೆಯದು ಎಂಬ ಮೆಟ್ಟಿಲುಗಳಿರಲಿಲ್ಲ.

ಇವರು ಅವಳ ಪರವಾಗಿಯೂ ನನ್ನ ಪರವಾಗಿಯೂ ಒಂದು ಮಾತು ಆಡಲಿಲ್ಲ. ಒಂದು ಬೆಳಿಗ್ಗೆ ಮಾತ್ರ ನಾನು ಎದ್ದು ಬಂದಾಗ ಅಡುಗೆಮನೆಯಲ್ಲಿ ಮೂವರಿಗೂ ದೋಸೆ ಹಾಕುತ್ತಾ ನಿಂತಿದ್ದರು. ದೋಸೆ ಸೀದಿತ್ತು. ಕೆಲಸದಾಕೆ ಬಾಗಿಲ ಬಳಿ ಏನು ಮಾಡುವುದೆಂದು ತಿಳಿಯದೆ ನೋಡುತ್ತಿದ್ದಳು. ಇದೆಲ್ಲ ಕಲಿತಿರಬೇಕಲ್ಲ ಎಂದರು. ಆಗ ನನಗೆ ಉಳಿದುಬಿಡೋಣ ಎನಿಸಿತು. ಅಷ್ಟು ಬಲವಾಗಿ ಅದಕ್ಕೆ ಮೊದಲೂ ಅನಿಸಿರಲಿಲ್ಲ, ಆಮೇಲೂ ಅನಿಸಲಿಲ್ಲ. ಮಗಳು ಸೀದ ದೋಸೆ ಕೆರೆದು ತಿಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಸ್ಕೂಲಿಗೆ ಹೋದಳು. ನಾನು ಒಬ್ಬಳ ಹೆಸರಿನಲ್ಲಿ ಟಿಕೆಟ್ ಮಾಡಿಸಿದೆ.

ಕಾಲೇಜು ಶುರುವಾದ ದಿನ ಸ್ಟಾಫ್ ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಮುಖಗಳು ಹೊಸವು. ಗೆಳತಿ ನನ್ನ ಕೈ ಹಿಡಿದುಕೊಂಡು ಬಂದು ಕೂರಿಸಿ, ಕಾಫಿ ತರಿಸಿ, ಸೈನ್ ಹಾಕುವ ಪುಸ್ತಕ ಮುಂದಕ್ಕೆ ತಳ್ಳಿದಳು.

"ಮಗಳನ್ನ ಯಾವ್ ಸ್ಕೂಲಿಗೆ ಹಾಕ್ದೆ ಕೊನೆಗೆ? ನಾನ್ ಹೇಳಿದ್ದಕ್ಕೇನಾ?"

"ಅವಳು ಬಂದಿಲ್ಲ."

ಗೆಳತಿ ಕಾಫಿಯ ಲೋಟ ಕೆಳಗಿಟ್ಟಳು. ಪಕ್ಕದಲ್ಲಿದ್ದ ಇಬ್ಬರೂ ನಮ್ಮ ಕಡೆ ತಿರುಗಿದರು.

"ಬಿಟ್ಟು ಬಂದ್ಯಾ?"

ಅವಳೇ ಬರಲೊಪ್ಪಲಿಲ್ಲ ಎನ್ನಬಹುದಿತ್ತು. ಅದೂ ನಿಜವೇ, ಹಾಗಂದಿದ್ದರೆ ಎಲ್ಲರೂ ಪಾಪ ಎನ್ನುತ್ತಿದ್ದರು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆದರೆ ಹದಿಮೂರು ವರ್ಷದ ಹುಡುಗಿ ತನಗೇನು ಬೇಕು ಎಂದು ನನ್ನ ಮುಖಕ್ಕೆ ಹೇಳಿದ್ದಳು. ನನಗೇನು ಬೇಕಿತ್ತು ಎನ್ನುವುದಕ್ಕೆ ಅವಳನ್ನು ಅಡ್ಡ ನಿಲ್ಲಿಸಲು ಮನಸ್ಸು ಬರಲಿಲ್ಲ.

"ಹೂಂ," ಎಂದೆ. "ಬಿಟ್ಟು ಬಂದೆ."

ಗೆಳತಿ ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟಳು. ನಾನು ಸೈನ್ ಹಾಕಿದೆ.